ಏಳು ವರ್ಷದ ಮಡಿ ಹೆಂಗಸು

ನಮ್ಮ ಮನೆತನದಲ್ಲಿ ಮಡಿ ಹೆಂಗಸರಿಗೆ ಬರವಿಲ್ಲ. ಆದರೆ ಅವರೆಲ್ಲರನ್ನೂ ಮೀರಿಸಿ, ಪುರೋಹಿತರ ಕೈಗೇ ಸೋಪು ಕೊಟ್ಟು ಬಚ್ಚಲಿಗೆ ಅಟ್ಟಿದ ಮಹಾತಾಯಿಗೆ ಆಗ ಏಳು ವರ್ಷ. ಮುಂದಿನ ಎರಡು ಹಲ್ಲೂ ಇರಲಿಲ್ಲ. ನನ್ನ ಅಣ್ಣನ ಮಗಳು!

ಮೊದಲು ಅವಳೇ ಮಡಿಯ ಪರಮ ಶತ್ರು. ಕೊಪ್ಪ ಪೇಟೆಯ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಮಿಂದು ಮಡಿಸೀರೆ ಉಟ್ಟಳೆಂದರೆ, ದೇವರ ನೈವೇದ್ಯ ಮುಗಿಯುವ ತನಕ ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮೊದಲಿಂದ ಅಡುಗೆ. ಈ ಪುಣ್ಯಾತ್ಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ಒಂದು ಬೆರಳು ಚಾಚಿಕೊಂಡು ನಿಲ್ಲುತ್ತಿದ್ದಳು, ಅಷ್ಟೆ. ಅಮ್ಮ ಸೌಟು ಹಿಡಿದುಕೊಂಡೇ ಹಿತ್ತಲ ತನಕ ಓಡಬೇಕು!

ಅಷ್ಟರಲ್ಲಿ ಅವಳ ತೊಡೆಯಲ್ಲಿ ಗಂಟು ಕಾಣಿಸಿತು. ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದೆವು. ಮಾಂಸಖಂಡದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಎಂದರು. ಅದರ ಹೆಸರು ಸಹಸ್ರನಾಮ ಬಾಯಿಪಾಠ ಮಾಡಿದ್ದ ಅಣ್ಣನ ನಾಲಿಗೆಗೂ ದಕ್ಕಲಿಲ್ಲ. ಪ್ರತಿ ಸಲ ಔಷಧ ಏರಿಸಿದ ಮೇಲೆ ರಕ್ತದ ಬಲ ಇಳಿಯುತ್ತದೆ, ಆಗ ಸಣ್ಣ ಸೋಂಕು ತಗಲಿದರೂ ಜೀವಕ್ಕೆ ಅಪಾಯ, ಕೈ ತೊಳೆಯದೆ ಯಾರೂ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ದೊಡ್ಡವರೆಲ್ಲ ಪೆದ್ದುಪೆದ್ದಾಗಿ ತಲೆಯಾಡಿಸಿದೆವು. ಪೂರ್ತಿ ಅರ್ಥವಾದದ್ದು ಅವಳೊಬ್ಬಳಿಗೆ.

“ಮಡಿ,” ಎಂದಳು ಗಂಭೀರವಾಗಿ. “ಅಜ್ಜಿ ಮಾಡ್ತಾಳಲ್ಲ, ಅದೇ.”

ಶುರುವಾಯಿತು ನೋಡಿ ದರ್ಬಾರು! ತನ್ನ ಕೋಣೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ನಾನು ಆಗಷ್ಟೇ ಕೊಂಡಿದ್ದ ಮೊಬೈಲು ಊರಿನ ಮೈಲಿಗೆಯ ಮೂಲವೆಂದು ತೀರ್ಮಾನಿಸಿ, ಹಜಾರದ ಕಿಟಕಿಗೆ ಗಡೀಪಾರು ಮಾಡಿದಳು. ಪುಣ್ಯಕ್ಕೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದೂ ಅಲ್ಲೊಂದೇ ಕಡೆ.

ಅಡ್ಡಗದ್ದೆಯಿಂದ ನಮ್ಮ ದೊಡ್ಡಪ್ಪ ಪ್ರಸಾದದ ಹೂವು ಹಿಡಿದು ಬಂದರು. ಊರವರಿಗೆಲ್ಲ ಶುದ್ಧ ಮಾಡಿಸುವ ಪುರೋಹಿತರು ಅವರು. ಬಸ್ಸಿನಲ್ಲಿ ಬಂದದ್ದೇ ಎಂದು ವಿಚಾರಣೆಯಾಯಿತು. ಹೂವು ಹೊರಗೆ ಹೋಯಿತು, ಮೊಣಕೈ ತನಕ ಸೋಪು ಹತ್ತಿತು, ಪಂಚೆಯ ಬದಲು ನನ್ನ ಚೌಕಳಿ ಲುಂಗಿ ಬಂತು. ಆ ವೇಷದಲ್ಲಿ ಮಗುವಿನ ಬೋಳುತಲೆ ನೋಡಿ ಅವರಿಗೆ ದುಃಖ ತಡೆಯಲಾಗಲಿಲ್ಲ.

“ದೊಡ್ಡಜ್ಜ, ಅಳೋದಾದ್ರೆ ಗೆರೆಯಿಂದ ಆಚೆ ನಿಂತು ಅಳಿ. ಮೂಗಿನ ನೀರು ಮೈಲಿಗೆ.”

ಕೂದಲು ಹೋದದ್ದಕ್ಕೆ ಅಮ್ಮನೂ ಒಳಗೊಳಗೇ ಕೊರಗುತ್ತಿದ್ದಳು. ಅವಳಿಗೂ ಮೊಮ್ಮಗಳಿಂದಲೇ ಸಮಾಧಾನ ಸಿಕ್ಕಿತು: ಅಜ್ಜಿಯ ಅನ್ನದಲ್ಲಿ ಕೂದಲು ಬಿದ್ದರೂ ಬೀಳಬಹುದು, ತನ್ನ ಅನ್ನದಲ್ಲಿ ಸಾಧ್ಯವೇ ಇಲ್ಲವಂತೆ. ಈಗ ಯಾರ ಮಡಿ ಹೆಚ್ಚು?

ಸೂಜಿಗೆ ಹೆದರುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಹಾಗೇ ಕೈ ಚಾಚಿ, ಕೈ ತೊಳೆದಿರಾ ಎಂದು ನರ್ಸನ್ನು ವಿಚಾರಿಸುತ್ತಿದ್ದಳು. ವಾರ್ಡಿನಲ್ಲಿ ಎಲ್ಲರಿಗೂ ಅವಳನ್ನು ಕಂಡರೆ ಭಯ! ಒಮ್ಮೆ ಮಾತ್ರ, ವಾಂತಿ ಮಾಡಿ ಮಾಡಿ ಸುಸ್ತಾಗಿ ಮಲಗಿದ್ದವಳು ನನ್ನನ್ನು ಕರೆದಳು.

“ಚಿಕ್ಕಪ್ಪ, ಅಜ್ಜಿ ಮಡಿ ಕೆಟ್ರೆ ಸ್ನಾನ ಮಾಡ್ತಾಳೆ. ನನ್ನ ಮಡಿ ಕೆಟ್ರೆ ಎಂತ ಮಾಡೋದು?”

ನಾನು ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆದು ಬಂದೆ. ಉತ್ತರ ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ. ಮನೆಗೆ ಬಂದ ಮೇಲೂ ಅಜ್ಜಿಯ ಮಡಿಲು ಹತ್ತಲಿಲ್ಲ. ಅಮ್ಮ ಗೆರೆಯಿಂದ ಆಚೆ ಕೂತು ಕಥೆ ಹೇಳುತ್ತಿದ್ದಳು, ಅವಳು ಈಚೆ ಕೂತು ಹೂಂಗುಟ್ಟುತ್ತಿದ್ದಳು.

ತಿಂಗಳುಗಳು ಕಳೆದು ಚಿಕಿತ್ಸೆ ಮುಗಿಯಿತು. ಕೊನೆಯ ಸ್ಕ್ಯಾನಿನಲ್ಲಿ ಗಂಟಿನ ಸುಳಿವಿರಲಿಲ್ಲ. ರಕ್ತವೂ ಸುಧಾರಿಸಿದೆ, ಇನ್ನು ಎಲ್ಲರ ಜೊತೆ ಇರಬಹುದು ಎಂದರು ಡಾಕ್ಟರು. ಅಣ್ಣ ಫೋನಿನಲ್ಲಿ ಅಮ್ಮನಿಗೆ ಸುದ್ದಿ ಮುಟ್ಟಿಸಿದ.

ಮರುದಿನ ನಾವು ಮನೆಗೆ ಬಂದಾಗ ಅಮ್ಮ ಮಡಿಯಲ್ಲಿದ್ದಳು. ಒಲೆಯ ಮೇಲೆ ನೈವೇದ್ಯದ ಅನ್ನ ಕುದಿಯುತ್ತಿತ್ತು. ಹುಡುಗಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಬೆರಳು ಚಾಚಲಿಲ್ಲ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅಮ್ಮ ಸೌಟು ಕೆಳಗಿಟ್ಟಳು. ಒಂದು ಬೆರಳು ಚಾಚಿಕೊಂಡು ತಾನೇ ಓಡಿ ಬಂದಳು. ಹುಡುಗಿ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದಳು, ಮತ್ತೆ ನೆನಪಾಗಿ ನಿಂತಳು. ಅಮ್ಮ ಆ ಬೋಳುತಲೆಗೆ ಬೆರಳು ಮುಟ್ಟಿಸಿದಳು.

“ಮುಟ್ಟಿದೆ ಕೂಸೇ. ಈಗ ಎಂತ ಮಾಡ್ತಿ?”

ಸೂಜಿಗೆ ಅಳದವಳು ಅಜ್ಜಿಯ ಮಡಿಸೀರೆಯಲ್ಲಿ ಮುಖ ಹುದುಗಿಸಿ ಗೋಳೋ ಎಂದು ಅತ್ತಳು. ಮೂಗಿನ ನೀರೆಲ್ಲ ಸೀರೆಗೇ. ಅಮ್ಮ ಆ ದಿನ ಮತ್ತೆ ಸ್ನಾನಕ್ಕೆ ಹೋಗಲಿಲ್ಲ. ಅವಳನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತಳು. ಅನ್ನ ಸೀದುಹೋಯಿತು. ದೇವರಿಗೂ ನಮಗೂ ಅವತ್ತು ಅದೇ ಊಟ.