ಬಂಗಾರ ಕೂದಲಿನವ ಯಾವ ಊರಾವ?

ಕೆಲವರಿಗೆ ಶನಿ ಬೆನ್ನು ಹತ್ತುತ್ತಾನೆ, ನನಗೆ ಬೆನ್ನು ಹತ್ತಿದ್ದು ಕುಸ್ತಿ. ಬಿಟ್ಟಿತು ಅಂದುಕೊಂಡಾಗಲೆಲ್ಲ ಹೊಸದೊಂದು ಫಜೀತಿ ತಂದು ನಿಲ್ಲಿಸುತ್ತದೆ. ಮೊನ್ನೆ ಮೊಮ್ಮಗಳು ಮೊಬೈಲ್ ಹಿಡಿದು, “ತಾತ, ಹಳೇ ಕುಸ್ತಿ ನೋಡು” ಎಂದಳು. ನೋಡಿದರೆ ಅದೇ! ಎಂಬತ್ತರ ದಶಕದ ಅಮೆರಿಕದ ಆ ಮಹಾ ಕುಸ್ತಿ ಮೇಳ! ಕಣ್ಣು ಹರಿದಷ್ಟು ದೂರ ಜನ, ಹಾಡು, ಹೊಗೆ, ಬಣ್ಣದ ಬೆಳಕು, ಒಂದೇ ದಿನಕ್ಕೆ ಹತ್ತು ಜೋಡಿ. ಬಂಗಾರ ಕೂದಲಿನ ಪೈಲ್ವಾನ ಕಂಡದ್ದೇ ನಾನು ಕುರ್ಚಿಯಿಂದ ಜಿಗಿದು, “ಬಂದ ನೋಡು ನಮ್ಮ ಕೊಟ್ಟೂರಾವ!” ಎಂದು ಕೂಗಿದೆ.

“ತಾತ, ಇವನು ಅಮೆರಿಕದಾವ ಅಂತ ಬರದಾರ.”

ಬರೆದವರಿಗೇನು ಗೊತ್ತು?

ಆಗ ನಾನು ಟಿವಿ, ವಿಸಿಆರ್ ಎರಡನ್ನೂ ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಊರೂರಿಗೆ ಹೋಗಿ ವಿಡಿಯೋ ತೋರಿಸುತ್ತಿದ್ದೆ. ಹಡಗಲಿಗೂ ಸೈ, ಕೂಡ್ಲಿಗಿಗೂ ಸೈ. ಬಲು ಖುಷಿಯ ಕೆಲಸ. ಒಂದೇ ಕೊರತೆ, ಮದುವೆಗೆ ಹೆಣ್ಣು ಸಿಗುತ್ತಿರಲಿಲ್ಲ. “ಟಿವಿ ಹೊತ್ಕಂಡು ತಿರುಗಾವಗ ಯಾರು ಹೆಣ್ಣು ಕೊಡ್ತಾರ?” ಎಂದು ಆರು ಮನೆಯವರು ಬಾಗಿಲಿನಿಂದಲೇ ಕಳಿಸಿದ್ದರು.

ತಾಯಿ ಕಡಿ ಬಣ್ಣ

ಆ ಕುಸ್ತಿ ಕ್ಯಾಸೆಟ್ಟನ್ನು ಮೊದಲು ಹಾಕಿದ್ದು ಕೊಟ್ಟೂರಿನಲ್ಲಿ, ನನ್ನ ಸೋದರಮಾವನ ಗೋದಾಮಿನಲ್ಲಿ. ಎಲ್ಲಾ ಇಂಗ್ಲಿಷು. ಯಾರಿಗೆ ಚಪ್ಪಾಳೆ ಹೊಡೆಯಬೇಕೋ ತಿಳಿಯದೆ ಜನ ಗರ ಬಡಿದವರಂತೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

“ಈ ಬಂಗಾರ ಕೂದಲಿನವ ನಮ್ಮ ಕೊಟ್ಟೂರಾವ! ಆ ಮುಖವಾಡದವ ಹರಪನಹಳ್ಳಿ ಕಡಿಯಾವ!”

ಅಷ್ಟೇ ಸಾಕಾಯಿತು. ಗೋದಾಮಿನ ತಗಡು ಹಾರಿಹೋಗುವುದೊಂದು ಬಾಕಿ! ಏಟು ತಿಂದು ತಿಂದು ಕೊನೆಗೆ ಬಂಗಾರ ಕೂದಲಿನವನೇ ಗೆದ್ದಾಗ ಮಾವ ಗೋಣಿಚೀಲಗಳ ಮೇಲೆ ಹತ್ತಿ ಕುಣಿದ. ಹಿರಿಯರೊಬ್ಬರಿಗೆ ಮಾತ್ರ ಅನುಮಾನ.

“ಅಲ್ಲಪಾ, ನಮ್ಮೂರಾಗ ಇಷ್ಟು ಕೆಂಪಗ ಇರಾವ್ರು ಯಾರದಾರ?”

ಮಾವ ಮೇಲಿನಿಂದಲೇ ಹೇಳಿದ, “ತಾಯಿ ಕಡಿ ಬಣ್ಣ ಬಂದೈತಿ ಬಿಡ್ರಿ!”

ರುಮಾಲು

ಅಂದಿನಿಂದ ಅದೇ ನನ್ನ ಪದ್ಧತಿ. ಯಾವ ಊರಿಗೆ ಹೋದರೂ ಗೆಲ್ಲುವ ಬಂಗಾರ ಕೂದಲಿನವ ಆ ಊರಿನವ, ಸೋಲುವ ಮುಖವಾಡದವ ಪಕ್ಕದ ಊರಿನವ. ತೆಲಿಗಿಯಲ್ಲಿ ಮುಖವಾಡದವನನ್ನು ಕೊಟ್ಟೂರಿಗೆ ಸೇರಿಸಿದೆ. ಬಂಗಾರ ಕೂದಲಿನವ ಗೆದ್ದ ಕೂಡಲೇ ಅಲ್ಲಿನ ಗೌಡರೊಬ್ಬರು, “ಭಲೇ ನಮ್ಮೂರ ಹುಲಿ!” ಎಂದು ತಮ್ಮ ರುಮಾಲು ಬಿಚ್ಚಿ ಟಿವಿಗೇ ಸುತ್ತಿದರು. ತೆಗೆಯಿರಿ ಎನ್ನುವ ಧೈರ್ಯ ಯಾರಿಗಿದೆ? ಮುಂದಿನ ಎರಡು ಕುಸ್ತಿಗಳಲ್ಲಿ ನಮಗೆ ಪೈಲ್ವಾನರ ಕಾಲುಗಳಷ್ಟೇ ಕಂಡವು.

ಕುರ್ಚಿ

ಕೂಡ್ಲಿಗಿಯಲ್ಲಿ ಗರಡಿ ಮನೆಯ ಉಸ್ತಾದರು ನೋಡಲು ಬಂದರು. ಐದು ನಿಮಿಷಕ್ಕೇ ಎದ್ದರು.

“ಮಣ್ಣಿಲ್ಲ, ಲಂಗೋಟಿಲ್ಲ. ಬೆನ್ನು ನೆಲಕ್ಕ ಹತ್ತಿದ್ರ ಚಿತ್, ಅಲ್ಲಿಗೆ ಮುಗೀತು. ಬೆನ್ನು ಹತ್ತಿದ ಮ್ಯಾಲೂ ಇದೇನು ಮೂರರ ತನಕ ಎಣಸಾದು? ಇದು ಕುಸ್ತಿ ಅಲ್ಲ, ಮಂಗ್ಯಾನಾಟ!”

ಮರುದಿನ ನೋಡಿದರೆ ಎಲ್ಲರಿಗಿಂತ ಮುಂದೆ ಅವರೇ! “ತಪ್ಪು ಎಣಸಾಕ ಬಂದೀನಿ” ಎಂದರು. ಹನ್ನೆರಡು ತಪ್ಪು ಎಣಿಸುವಷ್ಟರಲ್ಲಿ ಮುಖವಾಡದವ ಹಿಂದಿನಿಂದ ಬಂದು ಮಡಚುವ ಕುರ್ಚಿಯಿಂದ ಬಂಗಾರ ಕೂದಲಿನವನ ಬೆನ್ನಿಗೆ ಬಾರಿಸಿದ. ಉಸ್ತಾದರು ಎದ್ದು ನಿಂತು, “ಲೇ, ಹಿಂದ ನೋಡಲೇ! ಹಿಂದ!” ಎಂದು ಗಂಟಲು ಹರಿಯುವಂತೆ ಕೂಗಿದರು. ಎಣಿಕೆ ಎಲ್ಲೋ ಹೋಯಿತು.

ಮುಂದಿನ ವಾರ ಅವರ ಗರಡಿಗೆ ಕುಸ್ತಿ ನೋಡಲು ಹೋದೆ. ಊರ ಹಿರಿಯರೂ ಸೇರಿ ಎಲ್ಲರೂ ನಿಂತೇ ಇದ್ದರು. ಯಾಕೆ ಎಂದು ಪಕ್ಕದವನನ್ನು ಕೇಳಿದೆ.

“ಇನ್ನ ಮ್ಯಾಲೆ ಗರಡಿಯೊಳಗ ಕುರ್ಚಿ ತರಬಾರದು ಅಂತ ಉಸ್ತಾದ್ರ ಅಪ್ಪಣಿ ಆಗೈತ್ರಿ.”

ದಣಿವು

ಹಗರಿಬೊಮ್ಮನಹಳ್ಳಿಯಲ್ಲಿ ಒಮ್ಮೆ ಉಮೇದಿನ ಭರದಲ್ಲಿ ಬಾಯಿ ತಪ್ಪಿ ಮುಖವಾಡದವನನ್ನೇ ಆ ಊರಿನವ ಮಾಡಿಬಿಟ್ಟೆ. ಅವನು ಸೋತ. ಮನೆಗೆ ಹೋಗಲು ಒಬ್ಬರೂ ಮೇಲೇಳಲಿಲ್ಲ.

“ಇನ್ನೊಮ್ಮಿ ಆಡಸು. ಈ ಸಲ ಗೆಲ್ತಾನ” ಎಂದಳು ಮುಂದೆ ಕೂತು ಎಲೆ ಅಡಿಕೆ ಅಗಿಯುತ್ತಿದ್ದ ಒಬ್ಬ ಅಜ್ಜಿ.

ಇನ್ನೊಮ್ಮೆ ಹಾಕಿದೆ, ಸೋತ. ಮತ್ತೊಮ್ಮೆ ಹಾಕಿದೆ, ಮತ್ತೂ ಸೋತ. ಅಜ್ಜಿ ನನಗೇ ಗದರಿದಳು, “ಒಂದ ಸಮನ ಆಡಿಸಿದ್ರ ಹುಡುಗಗ ದಣಿವಾಗಲ್ಲೇನು? ಒಂದೀಟು ಬಿಟ್ಟು ಆಡಸು.”

ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ನಾಲ್ಕನೆಯ ಸಲ ಹಾಕಿದೆ. ಮುಖವಾಡದವ ಬಂಗಾರ ಕೂದಲಿನವನ ಮೇಲೆ ಬಿದ್ದಿದ್ದ ಗಳಿಗೆ ನೋಡಿ ಫಕ್ಕನೆ ಟಿವಿ ಆರಿಸಿ, “ಗೆದ್ದ!” ಎಂದು ಕೂಗಿದೆ. ಜನ ಎದ್ದು ಕುಣಿದರು. ಅಜ್ಜಿ ಹೊರಡುವಾಗ ನನ್ನ ಬೆನ್ನು ತಟ್ಟಿದಳು.

“ನೋಡಿದ್ಯಾ? ನಾ ಮೊದಲ ಹೇಳಿದ್ನಿ, ದಣಿದಿದ್ದ ಅಷ್ಟ.”

ಏಳನೆಯ ಮನೆ

ಏಳನೆಯ ಸಂಬಂಧ ತೆಲಿಗಿಯದು. ಸೋದರಮಾವನನ್ನು ಕರೆದುಕೊಂಡು ಹೆಣ್ಣು ನೋಡಲು ಹೋದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಅಪ್ಪನನ್ನು ನೋಡಿದವನೇ ಮಾವನ ಬೆನ್ನ ಹಿಂದೆ ಸರಿದೆ. ಅದೇ ರುಮಾಲಿನ ಗೌಡರು!

“ಅರೆರೆ, ವಿಡಿಯೋ ತೋರಿಸಿದಾವ್ರು! ಬರ್ರಿ, ಬರ್ರಿ!” ಎಂದು ಅವರು ಅರಳಿದರು. ಮಂಡಕ್ಕಿ, ಮಿರ್ಚಿ ಬಂದವು. “ಆ ಬಂಗಾರ ಕೂದಲಿನವ ಅದಾನಲ್ರಿ, ನಮ್ಮ ತೆಲಿಗಿಯಾವ” ಎಂದು ಮಾವನಿಗೆ ಹೇಳಿದರು.

ಮಾವನ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. “ಅಂವ ಕೊಟ್ಟೂರಾವ್ರಿ. ನಮ್ಮ ಗೋದಾಮಿನ್ಯಾಗ ಗೆದ್ದಾನ.”

“ಕೊಟ್ಟೂರಾವ ಮುಖವಾಡದಾವ. ನಮ್ಮಾವನ ಕೈಯಾಗ ಸೋತಾನ.”

“ಯಾರ್ರಿ ಸೋತಾವ?”

ಇಬ್ಬರೂ ಎದ್ದು ನಿಂತರು. ಮಂಡಕ್ಕಿ ತಟ್ಟೆ ಮಗುಚಿತು. ಅಷ್ಟರಲ್ಲಿ ಹುಡುಗಿ ಚಹಾ ಹಿಡಿದು ಬಂದಳು. ಕಣ್ಣಿನ ತುಂಬ ತುಂಟತನ. ನೋಡಿದ ಕೂಡಲೇ, ಮದುವೆಯಾದರೆ ಇವಳನ್ನೇ ಆಗಬೇಕು ಅನ್ನಿಸಿತು.

“ನೀವಿಬ್ರೂ ಯಾಕ ಜಗಳಾಡ್ತೀರಿ? ತೋರಿಸಿದಾವ್ರು ಇಲ್ಲೇ ಅದಾರಲ್ಲ” ಎಂದು ನನ್ನ ಕಡೆ ತಿರುಗಿದಳು. “ಹೇಳ್ರಿ, ಅಂವ ಯಾವೂರಾವ?”

ತೆಲಿಗಿ ಎಂದರೆ ಮಾವ ಬಿಡುವುದಿಲ್ಲ, ಕೊಟ್ಟೂರು ಎಂದರೆ ಗೌಡರು ಹೆಣ್ಣು ಕೊಡುವುದಿಲ್ಲ. ಸುಳ್ಳೆಲ್ಲ ಮುಗಿದಿತ್ತು.

“ಅಮೆರಿಕದಾವ್ರಿ” ಎಂದೆ. “ಊರೂರಿಗೂ ನಾನ ಸುಳ್ಳು ಹೇಳೀನಿ.”

ಇಷ್ಟು ಹೊತ್ತು ಹೊಡೆದಾಡಲು ನಿಂತಿದ್ದ ಇಬ್ಬರೂ ಈಗ ಒಂದಾಗಿ ನನ್ನನ್ನೇ ದುರುಗುಟ್ಟಿ ನೋಡಿದರು. ಹುಡುಗಿ ಮಾತ್ರ ಕಿಸಕ್ಕೆಂದು ನಕ್ಕಳು.

“ನನಗ ಮೊದಲ ಗೊತ್ತಿತ್ತಪ್ಪ. ಕೊಟ್ಟೂರಾಗ ಚಿಗವ್ವನ ಮನಿಗೆ ಹೋದಾಗ ಅಲ್ಲೂ ಇವ್ರ ವಿಡಿಯೋ ನೋಡೀನಿ, ಇಲ್ಲೂ ನೋಡೀನಿ.”

ಗೌಡರು ಎದ್ದವರು ಕೂರಲಿಲ್ಲ. “ಹಂಗಾದ್ರ ಈ ಸುಳ್ಳುಗಾರನ್ನ ಕಳಿಸಿಬಿಡ್ಲೇನವ್ವಾ?”

“ಬ್ಯಾಡಪ್ಪ. ಸುಳ್ಳು ಹೇಳದ ಗಂಡಸು ಎಲ್ಲಿ ಸಿಗ್ತಾನ? ಇವ್ರು ಒಂದ ಪ್ರಶ್ನಿಗೆ ಚಿತ್ ಆಗ್ತಾರ. ನನಗ ಒಪ್ಪಿಗಿ ಐತಿ.”