ಮನೆ ಮಾರಲು ನಾನು ತೆಗೆದ ಎಚ್‌ಡಿಆರ್ ಫೋಟೋಗಳು

ಮನೆಯ ಫೋಟೋ ತೆಗೆಯುವುದೇನು ಬ್ರಹ್ಮವಿದ್ಯೆಯೇ? ಮನೆ ಅಲ್ಲಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, “ಇದರಲ್ಲಿ ನಾನು ದಪ್ಪ ಕಾಣ್ತೀನಿ” ಎಂದು ಮುನಿಸಿಕೊಳ್ಳುವುದಿಲ್ಲ. ಹೀಗೆಂದು ನಾನು ಮನಸಾರೆ ನಂಬಿದ್ದೆ!

ಆಗ ಆರ್ಥಿಕ ಹಿಂಜರಿತ. ನಾವಿದ್ದ ಊರಾದ ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ನಮ್ಮ ಕಂಪನಿ ನನ್ನನ್ನು ಮನೆಗೆ ಕಳುಹಿಸಿತ್ತು. ಹೆಂಡತಿ ಸುಮಾಗೆ ಬೇರೆ ರಾಜ್ಯದ ಬೋಲಿಂಗ್‌ಬ್ರೂಕ್‌ನಲ್ಲಿ ಕೆಲಸ ಸಿಕ್ಕಿತು. ಅವಳು ಅಲ್ಲೊಂದು ರೂಮು ಹಿಡಿದು, ಪ್ರತಿ ಶುಕ್ರವಾರ ಮುನ್ನೂರು ಮೈಲಿಯ ಹತ್ತಿರ ಡ್ರೈವ್ ಮಾಡಿಕೊಂಡು ಬಂದು, ಭಾನುವಾರ ವಾಪಸು ಹೋಗುತ್ತಿದ್ದಳು. ಮನೆ ಮಾರಾಟವಾದರೆ ನಾನೂ ಅವಳ ಜೊತೆ ಹೋಗಬಹುದಿತ್ತು. ಆದರೆ ನಮ್ಮ ಬೀದಿಯೊಂದರಲ್ಲೇ ಆರು ಮನೆಗಳು ಮಾರಾಟಕ್ಕಿದ್ದವು. ವಾರದಲ್ಲಿ ಐದು ದಿನ ನಾನು ಮಾಡಿದ ಸಾರನ್ನು ನಾನೇ ಉಣ್ಣಬೇಕಾದ ಶಿಕ್ಷೆ ಶತ್ರುವಿಗೂ ಬೇಡ. ನಿಜ ಹೇಳಬೇಕೆಂದರೆ, ಅವಳಿಲ್ಲದೆ ನನಗೆ ತಡೆಯಲಾಗುತ್ತಿರಲಿಲ್ಲ.

ಆಗಲೇ ನನಗೆ ಎಚ್‌ಡಿಆರ್ ಎಂಬ ದಿವ್ಯಾಸ್ತ್ರ ಸಿಕ್ಕಿತು. ಒಂದೇ ಕೋಣೆಯನ್ನು ಕಪ್ಪಗೆ, ಹದವಾಗಿ, ಬೆಳ್ಳಗೆ ಮೂರು ಸಲ ಕ್ಲಿಕ್ಕಿಸಿ ಕಂಪ್ಯೂಟರಿನಲ್ಲಿ ಬೆರೆಸಿದರೆ, ಕಿಟಕಿಯಾಚೆಯ ಮರವೂ ಕಾಣುತ್ತದೆ, ಕತ್ತಲ ಮೂಲೆಯೂ ಕಾಣುತ್ತದೆ.

ಮನೆ ಮಾರಿಸಿಕೊಡುವ ಏಜೆಂಟ್ ಲಿಂಡಾ, “ಈ ಮನೆಯಲ್ಲಿ ಯಾರೂ ವಾಸವೇ ಇಲ್ಲ ಎನ್ನುವಂತೆ ಕಾಣಬೇಕು” ಎಂದು ಅಪ್ಪಣೆ ಕೊಡಿಸಿದ್ದಳು. ಶನಿವಾರ ಬೆಳಿಗ್ಗೆ ಬಚ್ಚಿಡುವ ಕಾರ್ಯ ಆರಂಭವಾಯಿತು.

“ರೀ, ಗ್ರೈಂಡರ್ ಎಲ್ಲಿಡ್ಲಿ?”

“ಟೇಬಲ್ ಕೆಳಗೆ ತಳ್ಳು. ಕತ್ತಲಿದೆ, ಯಾರಿಗೂ ಕಾಣಲ್ಲ.”

ಅದರ ಹಿಂದೆ ಅಕ್ಕಿ ಚೀಲ, ಉಪ್ಪಿನಕಾಯಿ ಜಾಡಿ, ಮೂರು ಕುಕ್ಕರ್ ಹೋದವು. ದೇವರ ಮಂಟಪ ಉಳಿಯಿತು.

“ಲಾಂಡ್ರಿ ರೂಮಲ್ಲಿ ಇಡೋಣ.”

“ದೇವರನ್ನ ವಾಷಿಂಗ್ ಮೆಷೀನ್ ಪಕ್ಕ ಇಡೋದಾ?”

“ಒಂದು ಗಂಟೆ ಅಷ್ಟೇ ಕಣೇ. ಅಡ್ಜಸ್ಟ್ ಮಾಡ್ಕೋತಾರೆ.”

ಅಡುಗೆಮನೆಯ ಫೋಟೋ ಕ್ಲಿಕ್ಕಿಸುತ್ತಿದ್ದಾಗ ಲಾಂಡ್ರಿ ರೂಮಿನ ಬಾಗಿಲು ತೆರೆದೇ ಇರುವುದು ಸುಮಾಗೆ ಕಂಡಿತು. “ಅಯ್ಯೋ!” ಎಂದು ಮುಚ್ಚಲು ಓಡಿದಳು. ಕ್ಯಾಮೆರಾ ತನ್ನ ಪಾಡಿಗೆ ಮೂರು ಸಲ ಕ್ಲಿಕ್ ಎಂದಿತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಭಾನುವಾರ ಅವಳು ಹೊರಟ ಮೇಲೆ ಫೋಟೋಗಳನ್ನು ಬೆರೆಸಿದೆ. ಕಿಟಕಿಯಾಚೆಯ ಹುಲ್ಲು ಗಿಳಿಹಸಿರಾಯಿತು, ಆಕಾಶ ನೇರಳೆಯಾಯಿತು, ಗೋಡೆಗಳಿಗೆ ಬೂದುಹಸಿರು ಮಚ್ಚೆ ಬಂತು. ನಾನು ಆಕಾಶವನ್ನೇ ನೋಡುತ್ತಾ ಮೈಮರೆತು ಎಲ್ಲವನ್ನೂ ಲಿಂಡಾಗೆ ಕಳುಹಿಸಿಬಿಟ್ಟೆ. ಪುಣ್ಯಾತ್ಗಿತ್ತಿ ಅವಳೂ ನೋಡದೆ ವೆಬ್‌ಸೈಟಿಗೆ ಏರಿಸಿಬಿಟ್ಟಳು!

ಸೋಮವಾರ ಸುಮಾಳ ಫೋನು.

“ರೀ, ಟೇಬಲ್ ಕೆಳಗೆ ನೋಡಿದ್ರಾ? ಅಕ್ಕಿ ಚೀಲದ ಮೇಲಿನ ಅಕ್ಷರ ಓದ್ಬಹುದು!”

“ಟೆಕ್ನಾಲಜಿ ಅಂದ್ರೆ ಅದು!”

“ಅಡುಗೆಮನೇಲಿ ನನ್ನನ್ನೂ ನೋಡಿ!”

ನೋಡಿದೆ. ಒಬ್ಬಳಲ್ಲ, ಮೂವರು ಸುಮಾ! ಮೂವರ ಮೈಯೊಳಗಿಂದಲೂ ಫ್ರಿಜ್ ಕಾಣುತ್ತಿತ್ತು. ಅವರ ಹಿಂದೆ, ಸೋಪಿನ ಡಬ್ಬದ ಪಕ್ಕ, ಗಣಪತಿ ದೇದೀಪ್ಯಮಾನವಾಗಿ ಬೆಳಗುತ್ತಿದ್ದ. ಕತ್ತಲಲ್ಲಿ ಬಚ್ಚಿಟ್ಟ ಸಮಸ್ತ ಸಂಸಾರವನ್ನೂ ನನ್ನ ಎಚ್‌ಡಿಆರ್ ಹುಡುಕಿ ಹೊರಗೆಳೆದಿತ್ತು.

ಅಷ್ಟರಲ್ಲಿ ಲಿಂಡಾಳ ಫೋನೂ ಬಂತು. “ತಪ್ಪು ತಿಳಿಯಬೇಡಿ. ಆ ಮನೆಯಲ್ಲಿ ಯಾರಾದರೂ... ತೀರಿಕೊಂಡಿದ್ದಾರಾ?”

“ಇಲ್ಲ ಇಲ್ಲ, ಅವಳು ನನ್ನ ಹೆಂಡತಿ. ಆರೋಗ್ಯವಾಗಿದ್ದಾಳೆ. ಬೋಲಿಂಗ್‌ಬ್ರೂಕ್‌ನಲ್ಲಿದ್ದಾಳೆ!”

ಲಿಂಡಾ ಗುರುವಾರ ತಾನೇ ಬಂದು ಬೇರೆ ಫೋಟೋ ತೆಗೆಯುತ್ತೇನೆಂದಳು. ಆದರೆ ಬುಧವಾರವೇ ಹತ್ತಿರದ ಊರಾದ ಆನ್ ಆರ್ಬರ್‌ನಿಂದ ವಯಸ್ಸಾದ ದಂಪತಿ ಮನೆ ನೋಡಲು ಬಂದರು. ಆಕೆ ಗೋಡೆ ಸವರಿ ನೋಡಿದರು, ಮೂಸಿಯೂ ನೋಡಿದರು.

“ಎಷ್ಟು ಚೊಕ್ಕವಾಗಿದೆ! ಫೋಟೋದಲ್ಲಿ ಗೋಡೆಗೆಲ್ಲ ಬೂಷ್ಟು ಹಿಡಿದಂತಿತ್ತು. ಇದನ್ನು ಬೇರೆ ಯಾರೂ ಕೇಳಿರಲಾರರು, ಅಗ್ಗಕ್ಕೆ ಸಿಗಬಹುದು ಅಂತಲೇ ಧೈರ್ಯ ಮಾಡಿ ಬಂದೆವು.”

ಆ ವಾರವೇ ಒಪ್ಪಂದವಾಯಿತು. ಫೋನಿನಲ್ಲಿ ಹೇಳಿದಾಗ ಸುಮಾ, “ಇನ್ನು ಒಬ್ಳೇ ಡ್ರೈವ್ ಮಾಡೋದು ತಪ್ತು ಕಣ್ರೀ,” ಎಂದಳು. ನಾನು ಆ ರಾತ್ರಿಯೇ ಗ್ರೈಂಡರ್ ಪ್ಯಾಕ್ ಮಾಡಿದೆ.

ಬೀಗದ ಕೈ ಒಪ್ಪಿಸುವ ದಿನ ಆ ಹಿರಿಯಾಕೆ ನಮ್ಮಿಬ್ಬರನ್ನೂ ಕೇಳಿದರು: “ಫೋಟೋ ತೆಗೆದವನು ಯಾರು? ನಮ್ಮ ಹಳೆಯ ಮನೆಯನ್ನೂ ಮಾರಬೇಕು. ಅಲ್ಲಿಗೆ ಅವನು ಕಾಲಿಡದಂತೆ ನೋಡಿಕೊಳ್ಳಬೇಕು.”

“ಯಾರೋ, ನಮಗೂ ಪರಿಚಯವಿಲ್ಲ,” ಎಂದೆ. ಸುಮಾ ಎಷ್ಟು ಜೋರಾಗಿ ಹೌದೆಂದು ತಲೆಯಾಡಿಸಿದಳೆಂದರೆ, ನನಗೇ ಸ್ವಲ್ಪ ಬೇಜಾರಾಯಿತು!