ಐದನೇ ಸೂಚನೆ

ಮನೆಯ ಪ್ರಿಂಟರಿನಲ್ಲಿ ಇಂಕು ಮುಗಿದದ್ದೇ ಎಲ್ಲಕ್ಕೂ ಮೂಲ. ಮುಗಿಯದಿದ್ದರೆ ಕತೆಗಾರ ಬೆಳಿಗ್ಗೆ ಎಂಟೂವರೆಗೆ ಎದುರಿನ ಜೆರಾಕ್ಸ್ ಅಂಗಡಿಗೆ ಓಡುತ್ತಿರಲಿಲ್ಲ. ಆ ದಿನವೂ ಅವನ ಬೇರೆ ದಿನಗಳಷ್ಟೇ ಕೆಟ್ಟದಾಗಿ ಮುಗಿಯುತ್ತಿತ್ತು, ಅದಕ್ಕಿಂತ ಹೆಚ್ಚು ಕೆಡುತ್ತಿರಲಿಲ್ಲ.

ಅವನ ಕೆಲಸ ವಿಡಿಯೋ ಗೇಮುಗಳಿಗೆ ಹೆದರಿಕೆ ಬರೆಯುವುದು. ಆಟ ಆಡುವವರು ಕತ್ತಲ ಕೋಣೆಯಲ್ಲಿ ಡ್ರಾಯರ್ ಎಳೆದರೆ ಹರಿದ ಡೈರಿಯೊಂದು ಸಿಗುತ್ತದಲ್ಲ, ಸಾಯುವವನು ಅರ್ಧ ವಾಕ್ಯ ಹೇಳಿ ಕಣ್ಣು ಮುಚ್ಚುತ್ತಾನಲ್ಲ, ಅದನ್ನೆಲ್ಲ ಯಾರಾದರೂ ಕೂತು ಬರೆಯಬೇಕು. ಏಳು ವರ್ಷದಿಂದ ಇವನು ಬರೆಯುತ್ತಿದ್ದ. ಮುಳುಗಿದ ಶಾಲೆಯ ಆಟ ಅರ್ಧಕ್ಕೆ ನಿಂತಿತು. ಹಲ್ಲಿನ ಆಸ್ಪತ್ರೆಯ ಆಟ ಮುಕ್ಕಾಲಿಗೆ ನಿಂತಿತು. ಬೊಂಬೆ ರಿಪೇರಿಯವನ ಆಟ ಪೂರ್ತಿಯಾಗಿ ಹೊರಗೆ ಬಂತು, ಆದರೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಈಗಿನದು ನಾಲ್ಕನೆಯದು, ಒಂದು ವಸತಿ ಕಟ್ಟಡದ ಕತೆ. ಇದೂ ನಿಂತರೆ ತನ್ನ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಅವನ ಬರಹ ಓದುವವರು ಯಾರೂ ಇಲ್ಲ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತ ನೋಡುವವಳು. ಆದರೂ ಒಮ್ಮೆ ಅವನದೊಂದು ಪುಟ ಓದಿ ಮೂರು ರಾತ್ರಿ ಬಚ್ಚಲಿನ ದೀಪ ಆರಿಸಿರಲಿಲ್ಲ. ಆಮೇಲೆ ಅವನ ಕಾಗದಗಳನ್ನು ಮುಟ್ಟಲಿಲ್ಲ. ಜೊತೆಗಿದ್ದ ಮಾವ ಮೂವತ್ತೆಂಟು ವರ್ಷ ರೈಲ್ವೆ ಗೇಟು ಕಾದು ನಿವೃತ್ತರಾದವರು. ಹೆರಿಗೆ ನೋವಿನಲ್ಲಿದ್ದ ತಮ್ಮದೇ ಹೆಂಡತಿಯ ಗಾಡಿ ಬಂದು ನಿಂತಾಗಲೂ ಸಿಗ್ನಲ್ ಇಲ್ಲದೆ ಗೇಟು ಎತ್ತಿದವರಲ್ಲ. ಹೀಗಾಗಿ ಕತೆಗಾರನ ಹೆಂಡತಿ ಹುಟ್ಟಿದ್ದು ಗೇಟಿನ ಈಚೆಗೇ. ಅಳಿಯ ಮಾಡುವುದನ್ನು ಮಾವ ಕೆಲಸವೆಂದೇ ಒಪ್ಪಿರಲಿಲ್ಲ, ಓದುವ ಮಾತು ದೂರವೇ ಉಳಿಯಿತು.

ಆಟದ ಮೊದಲ ದೃಶ್ಯದಲ್ಲಿ ಗೋಡೆಯ ಮೇಲೆ ಒಂದು ನೋಟೀಸು ಇರಬೇಕಿತ್ತು. ನಿಜದ ನೋಟೀಸಿನ ಹಾಗೇ ಕಾಣಬೇಕೆಂದು ಆಫೀಸಿನ ಮೇಡಂ ಹೇಳಿದ್ದರು. ಕತೆಗಾರ ತನ್ನ ಕಟ್ಟಡದ ನಿವಾಸಿಗಳ ಸಂಘದ ನೋಟೀಸನ್ನೇ ಎದುರಿಗಿಟ್ಟುಕೊಂಡು ತಲೆಬರಹ, ಮೊಹರು, ಕಾರ್ಯದರ್ಶಿಯ ಸೊಟ್ಟ ಸಹಿ ಎಲ್ಲವನ್ನೂ ಹಾಗೆಹಾಗೇ ಇಳಿಸಿದ. ಕೆಳಗೆ ಐದು ಸೂಚನೆ ಬರೆದ. ಸಂಜೆ ಆರರ ನಂತರ ಯಾರು ತಟ್ಟಿದರೂ ಮನೆಯ ಬಾಗಿಲು ತೆರೆಯಬಾರದು. ತಟ್ಟುವವರು ನಿಮ್ಮವರ ದನಿಯಲ್ಲೇ ಕರೆಯಬಹುದು, ಫೋನೂ ಮಾಡಬಹುದು, ನಂಬಬಾರದು. ನೀರಿನ ಟ್ಯಾಂಕಿನ ಒಳಗಿಂದ ಯಾರಾದರೂ ಮಾತಾಡಿಸಿದರೆ ನಲ್ಲಿ ನಿಲ್ಲಿಸಿ. ನೀವು ಕರೆಯದೆ ಲಿಫ್ಟು ನಾಲ್ಕನೇ ಮಹಡಿಗೆ ಬಂದು ನಿಂತರೆ ಗೋಡೆಗೆ ಮುಖ ಮಾಡಿ ನಿಲ್ಲಿ, ಅದು ಹೋಗುವ ತನಕ ತಿರುಗಬೇಡಿ. ನಾಲ್ಕನೇ ಮಹಡಿಯೆಂದರೆ ಅವನದೇ ಮಹಡಿ. ಅಲ್ಲಿನ ಬಲ್ಬು ಹೋಗಿ ಮೂರು ತಿಂಗಳಾಗಿತ್ತು. ಐದನೇ ಸೂಚನೆ ಹಲ್ಲುಜ್ಜುವಾಗ ಹೊಳೆದದ್ದು, ಬರೆದ ಮೇಲೆ ಅವನಿಗೇ ಬೆನ್ನು ತಣ್ಣಗಾಗಿತ್ತು. ಏಳು ವರ್ಷದಲ್ಲಿ ಬರೆದ ಒಳ್ಳೆಯ ಸಾಲು ಅದೊಂದೇ ಎಂದು ಅವನ ನಂಬಿಕೆ.

"ಒಂದು ಕಾಪಿ ಸಾಕು ಅಕ್ಕಾ," ಎಂದು ಹೇಳಿ, ಫೋನಿನಿಂದ ಅಂಗಡಿಯ ಕಂಪ್ಯೂಟರಿಗೆ ಫೈಲು ಕಳಿಸಿ, ಬಂದ ಹಾಳೆಯನ್ನು ಚೀಲಕ್ಕೆ ತುರುಕಿ ಅವನು ಬಸ್ಸಿಗೆ ಓಡಿದ.

ಜೆರಾಕ್ಸ್ ಅಕ್ಕ ಹತ್ತು ವರ್ಷದಿಂದ ಆ ಸಂಘದ ನೋಟೀಸುಗಳನ್ನು ನಲವತ್ತು ನಲವತ್ತು ತೆಗೆದು ವಾಚ್‌ಮನ್ ಕೈಗೆ ಕೊಡುತ್ತಿದ್ದವರು. ಒಂದು ಅಂದರೆ ನೋಡುವುದಕ್ಕಿರಬೇಕು, ಪಾಪ, ಅವಸರದಲ್ಲಿ ಉಳಿದದ್ದು ಹೇಳುವುದು ಮರೆತರು ಎಂದುಕೊಂಡು ಇನ್ನೂ ಮೂವತ್ತೊಂಬತ್ತು ತೆಗೆದರು. ಹನ್ನೊಂದು ಗಂಟೆಯೊಳಗೆ ವಾಚ್‌ಮನ್ ಅವನ್ನು ಎಲ್ಲ ಮನೆಗಳ ಬಾಗಿಲಡಿ ತಳ್ಳಿಯಾಗಿತ್ತು.

ಅತ್ತ ಆಫೀಸಿನಲ್ಲಿ ಮೇಡಂ ಅದೇ ಹಾಳೆಯನ್ನು ಓದಿ ಆಕಳಿಸಿದರು.

"ಇದಕ್ಕೆ ಯಾರ್ರೀ ಹೆದರ್ತಾರೆ? ಆಟ ಪರೀಕ್ಷೆ ಮಾಡೋ ಹುಡುಗಿಗೆ ಕೊಟ್ಟೆ, ಊಟ ಮಾಡ್ತಾನೇ ಓದಿದ್ಲು. ಒಂದು ತುತ್ತೂ ನಿಲ್ಲಲಿಲ್ಲ."

"ಐದನೇದು ಓದಿದ್ರಾ ಮೇಡಂ?"

"ಓದಿದೆ. ಅದನ್ನ ಓದಿದ್ಮೇಲೇ ಅವಳು ಮೊಸರು ತರೋಕೆ ಎದ್ದಿದ್ದು." ಮೇಡಂ ಹಾಳೆಯನ್ನು ಮೇಜಿನ ಮೇಲೆ ಕವುಚಿಟ್ಟರು. "ಕೊನೆ ಅಧ್ಯಾಯ ಇವತ್ತು ಸಂಜೆ ಏಳಕ್ಕೆ ನನ್ನ ಕೈಲಿರಬೇಕು. ತಡ ಆದ್ರೆ ಈ ಕೆಲಸ ಬೇರೆಯವರಿಗೆ ಹೋಗುತ್ತೆ. ಅವರು ಆಚೆ ಕೋಣೇಲಿ ಕೂತೇ ಇದ್ದಾರೆ."

ಅಧ್ಯಾಯ ಮನೆಯ ಕಂಪ್ಯೂಟರಿನಲ್ಲಿ ಮುಗಿದು ಕೂತಿತ್ತು, ಒಂದು ಸಲ ತಿದ್ದಿ ಕಳಿಸುವುದಷ್ಟೇ ಬಾಕಿ. ಕತೆಗಾರ ಐದಕ್ಕೇ ಹೊರಟ. ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟು ನಿಂತು, ಅವನು ಕಟ್ಟಡದ ಗೇಟಿಗೆ ಬಂದಾಗ ಆರೂ ಹತ್ತಾಗಿತ್ತು.

ವಾಚ್‌ಮನ್ ಗೇಟು ತೆರೆಯುವ ಮೊದಲು ಜೇಬಿನಿಂದ ಒಂದು ಹಾಳೆ ತೆಗೆದು ಓದಿಕೊಂಡ. "ಇದ್ರಲ್ಲಿ ಬಾಗಿಲು ಅಂತಿದೆ ಸಾರ್, ಗೇಟು ಅಂತಿಲ್ಲ. ನೀವು ಬನ್ನಿ."

ಕತೆಗಾರ ಬಗ್ಗಿ ನೋಡಿದರೆ ಅದು ಅವನು ಬರೆದ ನೋಟೀಸೇ. ಒಳಗೆ ಎಲ್ಲ ಮನೆಗಳ ಬಾಗಿಲೂ ಮುಚ್ಚಿತ್ತು. ನೆಲಮಹಡಿಯ ಕಿಟಕಿಯಲ್ಲಿ ಸಂಘದ ಕಾರ್ಯದರ್ಶಿ ಕೈಕಟ್ಟಿ ನಿಂತಿದ್ದರು.

"ಸಾರ್, ಈ ನೋಟೀಸು ಯಾರು ಹೊರಡಿಸಿದ್ದು?" ಎಂದು ಕತೆಗಾರ ಮೆಲ್ಲಗೆ ಕೇಳಿದ.

ಕಾರ್ಯದರ್ಶಿಗೆ ಆ ನೋಟೀಸಿನ ತಲೆಬುಡ ಗೊತ್ತಿರಲಿಲ್ಲ. ಬೆಳಿಗ್ಗೆ ಸಂಘದ ಅಧ್ಯಕ್ಷರು ಫೋನು ಮಾಡಿ, ಒಳ್ಳೇ ನೋಟೀಸು ಎಂದು ಹೊಗಳಿದಾಗ ತಮ್ಮದೇ ಎಂದು ಒಪ್ಪಿಕೊಂಡಿದ್ದರು. ಈಗ ಹಿಂದೆ ಸರಿಯುವ ಹಾಗಿರಲಿಲ್ಲ. "ನಾನೇ. ಸಹಿ ಕಾಣಲ್ವಾ? ಕಳ್ಳರ ಕಾಟ ಜಾಸ್ತಿ ಆಗಿದೆ. ಎಲ್ಲಾ ಬಿಡಿಸಿ ಹೇಳೋಕಾಗಲ್ಲ."

"ಟ್ಯಾಂಕಿನ ಒಳಗಿಂದ ಮಾತಾಡಿಸೋದು?"

"ಅದೂ ಕಳ್ಳರೇ," ಎಂದು ಕಾರ್ಯದರ್ಶಿ ಕಿಟಕಿ ಮುಚ್ಚಿಕೊಂಡರು.

ಆ ಸಹಿ ನೋಡಿ ಇಳಿಸಿದವನು ತಾನೇ ಎಂದು ಹೇಳಲು ಕತೆಗಾರನಿಗೆ ಧೈರ್ಯವಾಗಲಿಲ್ಲ. ಕಳ್ಳಸಹಿ ಎಂದರೆ ಪೊಲೀಸಿನವರೆಗೂ ಹೋಗುವ ವಿಷಯ. ಮೊದಲು ಅಧ್ಯಾಯ ಕಳಿಸೋಣ, ಆಮೇಲೆ ಕ್ಷಮೆ ಕೇಳೋಣ ಎಂದುಕೊಂಡು ನಾಲ್ಕು ಮಹಡಿ ಹತ್ತಿ ತನ್ನ ಬಾಗಿಲು ತಟ್ಟಿದ. ಅದು ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಒಂದು ಕೀಲಿ ಒಳಗೆ ಮೊಳೆಯಲ್ಲಿ, ಇನ್ನೊಂದು ಹೆಂಡತಿಯ ಚೀಲದಲ್ಲಿ.

"ಮಾವ, ನಾನು. ಬಾಗಿಲು ತೆಗೀರಿ."

"ಟೈಮು ಆರೂ ಇಪ್ಪತ್ತು," ಎಂದಿತು ಒಳಗಿನ ದನಿ.

"ಗೊತ್ತು ಮಾವ. ಏಳಕ್ಕೆ ಒಂದು ಫೈಲು ಕಳಿಸ್ಬೇಕು, ಇಲ್ದಿದ್ರೆ ಕೆಲಸ ಹೋಗುತ್ತೆ."

"ದನಿ ನಮ್ಮ ಅಳಿಯಂದಿರ ಹಾಗೇ ಇದೆ. ಇರುತ್ತೆ ಅಂತ ಎರಡನೇ ಸೂಚನೇಲಿ ಮೊದ್ಲೇ ಹೇಳಿದಾರೆ."

"ಮಾವ, ನೀವು ದೆವ್ವ ನಂಬಲ್ಲ ಅಲ್ವಾ?"

"ದೆವ್ವ ಗಿವ್ವ ನಂಬಲ್ಲ. ನೋಟೀಸು ನಂಬ್ತೀನಿ. ಮಗಳಿಗೂ ಫೋಟೋ ತೆಗೆದು ಕಳಿಸಿದೀನಿ."

ಕತೆಗಾರ ಗೋಗರೆದ. ಮದುವೆಯ ದಿನ ಮಾವ ಚಪ್ಪಲಿ ಕಳೆದುಕೊಂಡದ್ದನ್ನು ನೆನಪಿಸಿದ. ರಕ್ತದೊತ್ತಡದ ಮಾತ್ರೆಯ ಬಣ್ಣ ಹೇಳಿದ. ಇವನು ಹೇಳಿದ್ದೆಲ್ಲ ಸರಿಯಾದಷ್ಟೂ ಒಳಗಿನ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ಆರೂ ಮೂವತ್ತೈದಾಯಿತು. ಕೊನೆಗೆ ಅವನಿಗೆ ರೇಗಿತು.

"ಮಾವ, ಅದು ನಿಜವಾದ ನೋಟೀಸಲ್ಲ. ಆಟಕ್ಕೆ ಅಂತ ಬರೆದದ್ದು. ಅದನ್ನ ಬರೆದವನು ನಾನೇ."

ಒಳಗೆ ಹಾಳೆ ಸರಿದ ಸಪ್ಪಳ, ಕನ್ನಡಕ ಹುಡುಕಿದ ಸಪ್ಪಳ. ಆಮೇಲೆ ಮಾವ ರೈಲಿನ ವೇಳಾಪಟ್ಟಿ ಓದುವ ದನಿಯಲ್ಲಿ ಓದಿದರು: "ಐದು. ಈ ಸೂಚನೆಗಳನ್ನು ಬರೆದವನು ನಾನೇ ಎಂದು ಯಾರಾದರೂ ಹೊರಗೆ ನಿಂತು ಹೇಳಿದರೆ, ಅವನೇ ಅದು."

ಬಾಗಿಲಿಗೆ ಅಡ್ಡ ಕುರ್ಚಿ ಎಳೆದ ಸದ್ದು ಕೇಳಿತು. ಹಿಂದೆಯೇ ಟೀಪಾಯಿಯದ್ದು. ಇಷ್ಟು ವರ್ಷದಲ್ಲಿ ಮಾವನ ದನಿ ನಡುಗಿದ್ದನ್ನು ಅವನು ಕೇಳಿದ್ದು ಅಂದೇ ಮೊದಲು: "ನಮ್ಮ ಅಳಿಯನ್ನ ಏನ್ ಮಾಡ್ದೆ?"

ಕತೆಗಾರ ಮೆಟ್ಟಿಲ ಮೇಲೆ ಕುಸಿದ. ಮೇಡಂಗೆ ಫೋನು ಮಾಡಿ, ಇಡೀ ಕಟ್ಟಡ ನನ್ನ ಬರಹಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದೆ, ಅರ್ಧ ಗಂಟೆ ಕೊಡಿ ಎಂದು ಬೇಡಿಕೊಂಡ.

"ನೆಪ ಹೇಳುವಾಗ್ಲಾದ್ರೂ ಸ್ವಲ್ಪ ನಂಬೋ ಹಾಗೆ ಬರೀರಿ," ಎಂದು ಮೇಡಂ ಫೋನು ಇಟ್ಟರು.

ಬಲ್ಬಿಲ್ಲದ ಮಹಡಿಯಲ್ಲಿ ಕತ್ತಲು ಕವಿಯುತ್ತಿತ್ತು. ಮೇಲೆ ಟ್ಯಾಂಕಿನಲ್ಲಿ ನೀರು ಗುಳುಗುಳು ಎಂದಿತು. ತಾನೇ ಬರೆದದ್ದು, ತಾನೇ ಬರೆದದ್ದು ಎಂದು ಅವನು ಎರಡು ಸಲ ಹೇಳಿಕೊಂಡ. ಹೇಳಿಕೊಂಡ ಮೇಲೆ ಐದನೇ ಸೂಚನೆ ನೆನಪಾಗಿ ಬಾಯಿ ಮುಚ್ಚಿದ. ಆಗ ಕೆಳಗೆಲ್ಲೋ ಕಿರ್ರೆಂದಿತು. ಲಿಫ್ಟು ಮೇಲೇರುತ್ತಿತ್ತು. ಅವನು ಕರೆದಿರಲಿಲ್ಲ. ಒಂದು, ಎರಡು, ಮೂರು. ನಾಲ್ಕನೇ ಮಹಡಿಗೆ ಬಂದು ನಿಂತಿತು.

ಏಳು ವರ್ಷದಲ್ಲಿ ಮುನ್ನೂರು ಜನರನ್ನು ಬಗೆಬಗೆಯಾಗಿ ಕೊಂದ ಕತೆಗಾರ ಎದ್ದು, ಗೋಡೆಗೆ ಮುಖ ಒತ್ತಿ, ಕಣ್ಣು ಮುಚ್ಚಿ ನಿಂತ. ಹಿಂದೆ ಲಿಫ್ಟಿನ ಬಾಗಿಲು ಸರಿಯಿತು.

"ರೀ," ಎಂದಿತು ಒಂದು ದನಿ. ಥೇಟ್ ಹೆಂಡತಿಯದೇ. ಅವಳ ಡ್ಯೂಟಿ ಮುಗಿಯುವುದು ಎಂಟಕ್ಕೆಂದು ಅವನಿಗೆ ಗೊತ್ತಿತ್ತು. "ರೀ, ನೀವಾ?" ಎಂದಿತು ಮತ್ತೆ. ಮೂರನೇ ಸಲ ಕರೆಯುವಾಗ ದನಿ ಅಳುತ್ತಿತ್ತು. ಅವನು ಉಸಿರು ಬಿಗಿಹಿಡಿದ. ಬೆವರು ಕುತ್ತಿಗೆಯಿಂದ ಇಳಿದು ಷರ್ಟಿನೊಳಗೆ ಹರಿಯಿತು. ಬಾಗಿಲು ಸರಿದು ಲಿಫ್ಟು ಕೆಳಗಿಳಿದು ಹೋಯಿತು.

ಬದುಕಿದೆ ಎಂದು ತಿರುಗುವಷ್ಟರಲ್ಲಿ ಫೋನು ಮಿನುಗಿತು. ಹೆಂಡತಿಯ ಸಂದೇಶ: "ಅಪ್ಪ ಕಳಿಸಿದ್ದು ನೋಡಿ ಬೇಗ ಬಂದೆ. ನಮ್ಮ ಮಹಡೀಲಿ ನಿಮ್ಮ ಷರ್ಟು ಹಾಕ್ಕೊಂಡು ಏನೋ ನಿಂತಿದೆ. ಮೂರು ಸಲ ಕರೆದೆ. ನೀವಾಗಿದ್ದಿದ್ರೆ ತಿರುಗ್ತಿದ್ರಿ. ನಾನು ವಾಪಸ್ ಆಸ್ಪತ್ರೆಗೆ ಹೋಗ್ತಿದೀನಿ. ಎಲ್ಲೇ ಇದ್ರೂ ಮನೆ ಹತ್ರ ಬರಬೇಡಿ."

ಆರೂ ಐವತ್ತಾರು. ಕೀಲಿ ಅವಳ ಚೀಲದಲ್ಲಿತ್ತು. ಕತೆಗಾರ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು, ಗೇಟು ದಾಟಿ, ಹೊರಟಿದ್ದ ಬಸ್ಸಿನ ಹಿಂದೆ ಎರಡೂ ಕೈ ಎತ್ತಿ ಕೂಗುತ್ತಾ ಓಡಿದ. ಹಿಂದಿನ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. ಬೆನ್ನಟ್ಟಿ ಬರುತ್ತಿದ್ದ ಷರ್ಟನ್ನು ನೋಡಿ ಅವಳು ಚೀರಿ ಕಿಟಕಿ ಎಳೆದಳು. ಡ್ರೈವರು ಬಸ್ಸಿನ ವೇಗ ಹೆಚ್ಚಿಸಿದ.

ರಸ್ತೆಯ ನಡುವೆ ಅವನು ಮಂಡಿ ಹಿಡಿದು ನಿಂತಿದ್ದಾಗ ಸರಿಯಾಗಿ ಏಳಕ್ಕೆ ಮೇಡಂ ಫೋನು ಬಂತು.

"ಫೈಲು ಬರ್ಲಿಲ್ಲ, ಕೆಲಸ ಅವರಿಗೆ ಕೊಟ್ಟೆ. ಬೇಜಾರು ಮಾಡ್ಕೋಬೇಡಿ," ಎಂದರು ಮೇಡಂ, ಎಂದೂ ಇಲ್ಲದ ಮೃದುವಾದ ದನಿಯಲ್ಲಿ. "ಜನರನ್ನ ಹೆದರ್ಸೋದು ಎಲ್ಲರ ಕೈಲೂ ಆಗಲ್ಲ."